ರಿವರ್ಸ್ ಗೇರ್ ಬೀಳುತ್ತಿಲ್ಲವೇ? ಎಂಜಿನ್ ಆಫ್ ಮಾಡಿ ಹಾಕಿ ನೋಡಿ

ಒಂದರಿಂದ ಐದರವರೆಗೆ ಎಲ್ಲ ಗೇರ್ ಸಲೀಸಾಗಿ ಬೀಳುತ್ತವೆ, ರಿವರ್ಸ್ ಮಾತ್ರ ಹಟ ಹಿಡಿಯುತ್ತದೆ. ‘ಕರ್ರ್’ ಎಂದು ಸದ್ದಾಗುತ್ತದೆ, ಇಲ್ಲವೇ ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ಇಷ್ಟಕ್ಕೇ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಎಷ್ಟೋ ಸಲ ದೋಷ ಅದರ ಹೊರಗೇ ಇರುತ್ತದೆ.

ಮುಂದಕ್ಕೆ ಹೋಗುವ ಗೇರ್‌ಗಳಲ್ಲಿ ವೇಗ ಹೊಂದಿಸಿಕೊಡಲು ಸಿಂಕ್ರೊನೈಸರ್ ಇರುತ್ತದೆ. ಹಲವು ಕಾರುಗಳ ರಿವರ್ಸ್‌ಗೆ ಅದಿಲ್ಲ. ತಿರುಗುವ ದಿಕ್ಕು ಬದಲಿಸುವ ನೇರ ಹಲ್ಲಿನ ಐಡ್ಲರ್ ಗೇರ್ ಪಕ್ಕದಿಂದ ಜಾರಿ ಬಂದು ಇನ್ನೆರಡು ಗೇರ್‌ಗಳ ಜೊತೆ ಕಚ್ಚಿಕೊಳ್ಳಬೇಕು. ಹಲ್ಲಿಗೆ ಹಲ್ಲು ಎದುರಾದರೆ ಲಿವರ್ ಕದಲದು. ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿದ್ದರೆ ಸದ್ದು ಬರುತ್ತದೆ. ಆದ್ದರಿಂದ ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ತುಳಿದು ಮೂರ್ನಾಲ್ಕು ಸೆಕೆಂಡ್ ಕಾಯಿರಿ. ಮೊದಲು ಫಸ್ಟ್‌ಗೆ ಹಾಕಿ, ಅಲ್ಲಿಂದ ರಿವರ್ಸ್‌ಗೆ ಬನ್ನಿ. ಆಗಲೂ ಬೀಳದಿದ್ದರೆ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು ಮತ್ತೆ ತುಳಿಯಿರಿ. ಅಪರೂಪಕ್ಕೊಮ್ಮೆ ಹೀಗಾದರೆ ಅದು ರಿಪೇರಿಯ ವಿಷಯವೇ ಅಲ್ಲ.

ದಿನವೂ ಕಾಡುತ್ತಿದ್ದರೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಕ್ಲಚ್ ತುಳಿದು ರಿವರ್ಸ್ ಹಾಕಿ ನೋಡಿ. ಮುಂದಿನ ಹುಡುಕಾಟವೆಲ್ಲ ಇದರ ಮೇಲೆ ನಿಂತಿದೆ.

ಎಂಜಿನ್ ನಿಂತಾಗ ಬೀಳುತ್ತದೆ, ಓಡುವಾಗ ಬೀಳುವುದಿಲ್ಲ ಎಂದಾದರೆ ಅನುಮಾನ ಕ್ಲಚ್ ಮೇಲೆ. ಅದು ಎಂಜಿನ್‌ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ. ಖಚಿತಪಡಿಸಿಕೊಳ್ಳಲು ಎಂಜಿನ್ ಐಡಲ್‌ನಲ್ಲಿಟ್ಟು, ಕ್ಲಚ್ ತುಳಿದು ಹತ್ತು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಅಷ್ಟು ಕಾದರೂ ಕರಕರ ಎಂದರೆ ಅನುಮಾನ ನಿಜ. ನಗಬೇಡಿ, ಮೊದಲು ಪೆಡಲ್ ಅಡಿಯ ಮ್ಯಾಟ್ ನೋಡಿ. ಅದು ಮಡಚಿಕೊಂಡಿದ್ದರೆ ಪೆಡಲ್ ತಳ ಮುಟ್ಟುವುದಿಲ್ಲ.

ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವಂಥದ್ದು) ಆದರೆ ಕ್ಲಚ್ ಆಯಿಲ್ ಮಟ್ಟ ನೋಡಿ. ಅನೇಕ ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ. ಕ್ಲಚ್‌ಗೆ ಹೋಗುವ ಪೈಪ್ ಡಬ್ಬಿಯ ಪಕ್ಕದಲ್ಲಿ ಸ್ವಲ್ಪ ಮೇಲೆಯೇ ಇರುವುದರಿಂದ, ಮಟ್ಟ ಇಳಿದಾಗ ಮೊದಲು ಕೈಕೊಡುವುದು ಕ್ಲಚ್. ಪೆಡಲನ್ನು ನಾಲ್ಕೈದು ಸಲ ಬೇಗಬೇಗ ತುಳಿದ ಮೇಲೆ ಗೇರ್ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರ್ ಸೀಲ್ ಸವೆದಿದೆ. ಗೇರ್‌ಬಾಕ್ಸ್ ಬಳಿ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್ ಹೊರಗೆ ಕಾಣುವಂತಿದ್ದರೆ ಅದರ ರಬ್ಬರ್ ಟೋಪಿಯನ್ನು ಬೆರಳಿಂದ ಮಡಚಿ ನೋಡಿ: ಒಳಗೆ ಒದ್ದೆಯಿದ್ದರೆ ಸೀಲ್ ಹೋಗಿದೆ, ಬರೀ ಏರ್ ತೆಗೆದರೆ ಸಾಲದು. ಏರ್ ತೆಗೆಯಲು ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಏರ್ ಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು, ಆಮೇಲೆ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೂ ಇದೇ ಕ್ರಮ. ಡಬ್ಬಿ ಬರಿದಾಗಬಾರದು. ಮುಚ್ಚಳದ ಮೇಲೆ ಆಯಿಲ್ ದರ್ಜೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ ಅದನ್ನೇ ಸುರಿಯಿರಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಕೇಬಲ್ ಕ್ಲಚ್‌ನಲ್ಲಿ ಫ್ರೀ ಪ್ಲೇ (ಕ್ಲಚ್ ಹಿಡಿತಕ್ಕೆ ಸಿಗುವ ಮೊದಲಿನ ಪೆಡಲಿನ ಖಾಲಿ ಓಟ) ಹೆಚ್ಚಾಗಿದೆಯೇ, ತಂತಿಯ ಎಳೆಗಳು ಬಿಚ್ಚಿವೆಯೇ ನೋಡಿದರೆ ಸಾಕು. ಇದೆಲ್ಲ ಸರಿಯಿದ್ದೂ ಬೀಳದಿದ್ದರೆ ಕ್ಲಚ್ ಪ್ಲೇಟ್ ಬಾಗಿರಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ತುಕ್ಕಿನಿಂದ ಅಂಟಿಕೊಂಡಿರಲೂಬಹುದು. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು.

ಎಂಜಿನ್ ಆಫ್ ಇದ್ದಾಗಲೂ ಬೀಳುವುದಿಲ್ಲವೇ? ಹಲ್ಲಿಗೆ ಹಲ್ಲು ತಾಗಿರಬಹುದು. ಹ್ಯಾಂಡ್‌ಬ್ರೇಕ್ ಇಳಿಸಿ, ನ್ಯೂಟ್ರಲ್‌ನಲ್ಲಿ ಕಾರನ್ನು ಒಂದೆರಡು ಇಂಚು ತಳ್ಳಿ ಮತ್ತೆ ಹಾಕಿ. ಆಗಲೂ ಇಲ್ಲವೆಂದರೆ ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಗೇರ್ ಕೇಬಲ್ ಕಡೆ ಬನ್ನಿ. ಒಬ್ಬರು ಲಿವರ್ ಆಡಿಸಲಿ, ನೀವು ಬಾನೆಟ್ ಎತ್ತಿ ಗೇರ್‌ಬಾಕ್ಸ್ ಮೇಲಿನ ತೋಳು ನೋಡಿ. ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಸವೆದು ಗಡಗಡ ಆಡುತ್ತಿದ್ದರೆ ಅಲ್ಲೇ ಕಳ್ಳ ಸಿಕ್ಕಂತೆ. ರಿವರ್ಸ್ ಇರುವುದು ಲಿವರ್ ಹಾದಿಯ ಒಂದು ಅಂಚಿನಲ್ಲಿ. ಕೆಲವೇ ಮಿಲಿಮೀಟರ್ ಸಡಿಲವಿದ್ದರೂ ಉಳಿದ ಗೇರ್ ಬೀಳುತ್ತವೆ, ಇದಕ್ಕೆ ಎಟುಕುವುದಿಲ್ಲ. ಲಿವರಿನ ರಿಂಗ್ ಎತ್ತಿ ಹಾಕುವ ಗಾಡಿಯಾದರೆ ರಿಂಗಿನ ಸಣ್ಣ ಕೇಬಲ್ ತುಂಡಾಗಿದೆಯೇ ಪರೀಕ್ಷಿಸಿ.

ಎಲ್ಲವೂ ಸರಿಯಿದ್ದರೆ ಕೇಬಲ್ ಬಿಚ್ಚಿ ತೋಳನ್ನು ಕೈಯಿಂದಲೇ ಆಡಿಸಿ. ಆಗ ಬಿದ್ದರೆ ಕೇಬಲ್ ಹೊಂದಿಸಬೇಕು. ಕೈಗೂ ಜಗ್ಗದಿದ್ದರೆ ತೊಂದರೆ ಒಳಗೆ: ಗೇರನ್ನು ಜಾರಿಸುವ ಫೋರ್ಕ್ ಬಾಗಿರಬಹುದು, ಐಡ್ಲರ್ ಹಲ್ಲು ಮುರಿದಿರಬಹುದು. ಬಿಚ್ಚುವ ಮೊದಲು ಗೇರ್ ಆಯಿಲ್ ಇಳಿಸಿ ಡ್ರೈನ್ ಬೋಲ್ಟ್ ನೋಡಿ. ಅದರ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವ ಉಕ್ಕಿನ ಚೂರುಗಳಿದ್ದರೆ ಹಲ್ಲು ಮುರಿದಿದೆ.