ಕ್ಯಾಮೆರಾ ಬ್ಯಾಗ್ ಜೊತೆ ಬಾಟ್ಲಿಲಿ ಏನಿರ್ಬೇಕು: ದುರ್ಗ, ದಾವಣಗೆರೆ ಫೋಟೋ ಮಂದಿಗೆ

ಫೋಟೋ ವಾಕ್ ಅಂದ್ರೆ ಎಲ್ರೂ ಲೆನ್ಸ್ ಬಗ್ಗೆ ಮಾತಾಡ್ತಾರೆ, ಟ್ರೈಪಾಡ್ ಬಗ್ಗೆ ಮಾತಾಡ್ತಾರೆ, ಕುಡಿಯೋಕೇನು ತಗೊಂಡು ಹೋಗ್ಬೇಕು ಅಂತ ಮಾತ್ರ ಯಾರೂ ಯೋಚ್ನೆ ಮಾಡಲ್ಲ, ಆಮೇಲೆ ಕೋಟೆ ಮೇಲೆ ಹತ್ತು ಗಂಟೆ ಬಿಸಿಲಲ್ಲಿ ಒಬ್ರ ಬಾಟ್ಲಿ ಆರು ಜನ ಎಳೆದಾಡ್ತಾರೆ. ನಮ್ಮ ಕಡೆ ಮಳೆ ನೆರಳಿನ ಸೀಮೆ, ಗಾಳಿ ಒಣ, ಬೆವರು ಬಂದಿದ್ದೇ ಗೊತ್ತಾಗಲ್ಲ, ದುರ್ಗದ ಬಂಡೆಗಳಂತೂ ಒಂದ್ಸಲ ಕಾದ್ರೆ ಸಂಜೆ ತನಕ ಬಿಸಿ ಉಗುಳ್ತಾ ಇರ್ತವೆ. ಅದಕ್ಕೆ ಇದನ್ನ ಬರೀತಾ ಇದೀನಿ. ನನ್ ಓಟು ಮೊದ್ಲೇ ಹೇಳ್ಬಿಡ್ತೀನಿ: ಶೂಟ್ ನಡೀವಾಗ ಮಜ್ಜಿಗೆ, ಮುಗಿದ್ ಮೇಲೆ ಕಾಫಿ ಚಾ. ಈ ಆರ್ಡರ್ ಉಲ್ಟಾ ಮಾಡ್ಬೇಡಿ.

ಯಾಕೆ ಅಂದ್ರೆ ಕೈ. ಖಾಲಿ ಹೊಟ್ಟೇಲಿ ಎರಡು ಸ್ಟ್ರಾಂಗ್ ಕಾಫಿ ಹೊಡ್ಕೊಂಡು ಬಂದು ಟೆಲಿ ಲೆನ್ಸ್ (ದೂರದ್ದನ್ನ ಹತ್ರ ತೋರ್ಸೋ ಲೆನ್ಸ್) ಎತ್ತಿದ್ರೆ ಬೆರಳು ಸಣ್ಣಗೆ ನಡುಗುತ್ತೆ, ಕೆಫೀನ್ ಮಾಡೋ ಕೆಲ್ಸ ಅದು. 300 ಎಂಎಂ ಲೆನ್ಸ್‌ಗೆ ಕೈಯಲ್ಲಿ ಹಿಡಿದು ಹೊಡೆಯೋಕೆ ಕಡಿಮೆ ಅಂದ್ರೂ 1/300 ಸೆಕೆಂಡ್ ಶಟರ್ ಸ್ಪೀಡ್ ಬೇಕು ಅನ್ನೋದು ಹಳೇ ಲೆಕ್ಕ, ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಆದ್ರೆ 1/450 ಹತ್ರ ಇಟ್ಕೊಳ್ಳಿ. ಬೆಳಗಿನ ಜಾವ ಬೆಳಕೇ ಇರಲ್ಲ, ಐಎಸ್ಒ (ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕಿ) ಆಗ್ಲೇ ಮೇಲೆ ಹೋಗಿರುತ್ತೆ, ಅದ್ರ ಮೇಲೆ ನಡುಗೋ ಕೈ ಬೇರೆ ಬೇಕಾ? ಚಾ ಬಿಟ್ರೆ ತಲೆನೋವು ಬರುತ್ತೆ ಅನ್ನೋರು ಇರ್ತಾರೆ, ಅವ್ರು ಅರ್ಧ ಲೋಟ ಕುಡ್ಕೊಂಡು ಎರಡು ಬಿಸ್ಕತ್ ತಿಂದು ಹೊರಡ್ಲಿ, ಜಗಳ ಇಲ್ಲ.

ನೀರಿನ ವಿಷ್ಯ ಬೇಗ ಮುಗಿಸ್ತೀನಿ. ಹಿಂದಿನ ರಾತ್ರಿಯಿಂದ್ಲೇ ಸ್ವಲ್ಪ ಸ್ವಲ್ಪ ಕುಡೀತಾ ಬನ್ನಿ, ಹೊರಡೋ ಟೈಮಿಗೆ ಒಂದೇ ಸಲ ಒಂದ್ ಲೀಟ್ರು ಸುರ್ಕೊಂಡ್ರೆ ಸೂರ್ಯ ಮೇಲೆ ಬರೋ ಹೊತ್ತಿಗೆ ಸರಿಯಾಗಿ ನೀವು ಜಾಗ ಹುಡುಕ್ತಾ ಇರ್ತೀರ. ಬೇಸಿಗೇಲಿ ಅರ್ಧ ದಿನದ ಶೂಟ್‌ಗೆ ತಲಾ ಎರಡು ಲೀಟ್ರು ಇಟ್ಕೊಳ್ಳಿ. ಕೋಟೆ ಒಳಗೆ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೀರು ತುಂಬ್ಕೊಂಡಾಗ ಚೆಂದ ಕಾಣ್ತವೆ, ರಿಫ್ಲೆಕ್ಷನ್ ಹೊಡೀರಿ, ಕುಡಿಯೋಕೆ ಹೋಗ್ಬೇಡಿ. ಓಬವ್ವ ಊಟಕ್ಕೆ ಕೂತ ಗಂಡನಿಗೆ ನೀರು ತರೋಕೆ ಅಂತ ಹೋದವಳು ಕಿಂಡಿ ಹತ್ರ ಹೈದರಾಲಿ ಸೈನಿಕರನ್ನ ನೋಡಿದ್ದು ಅಂತ ಕತೆ ಐತಲ್ಲ, ಆ ಕಿಂಡಿ ಹತ್ರ ಬರೋ ಅಷ್ಟರಲ್ಲೇ ನಮ್ ಹುಡುಗ್ರ ಬಾಟ್ಲಿ ಖಾಲಿ ಆಗಿರುತ್ತೆ.

ಈಗ ಮಜ್ಜಿಗೆ. ಇದನ್ನ ಸರಿಯಾಗಿ ಮಾಡೋದು ಕಲಿತ್ರೆ ಗ್ರೂಪ್‌ನಲ್ಲಿ ನಿಮ್ಮನ್ನ ಯಾರೂ ಬಿಟ್ಟು ಹೋಗಲ್ಲ. ಹುಳಿ ಇಲ್ದಿರೋ, ಅದೇ ದಿನ ಹೆಪ್ಪು ಆಗಿರೋ ಮೊಸರು ಒಂದು ಲೋಟ, ತಣ್ಣೀರು ಮೂರು ಲೋಟ, ಕಡಗೋಲಲ್ಲಿ ಚೆನ್ನಾಗಿ ಕಡೀರಿ, ಮಿಕ್ಸಿ ಆದ್ರೂ ನಡಿಯುತ್ತೆ ಆದ್ರೆ ಜಾಸ್ತಿ ಹೊತ್ತು ಓಡಿಸಿದ್ರೆ ಬೆಣ್ಣೆ ಬಿಟ್ಕೊಳ್ಳುತ್ತೆ. ಒಂದಿಂಚು ಶುಂಠಿ, ಅರ್ಧ ಹಸಿಮೆಣಸಿನಕಾಯಿ, ನಾಲ್ಕೆಲೆ ಕರಿಬೇವು, ಒಂದ್ ಹಿಡಿ ಕೊತ್ತಂಬರಿ, ಚಿಟಿಕೆ ಇಂಗು, ಇಷ್ಟನ್ನ ಕುಟ್ಟಿ ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿ. ಸೋಸೋದು ಮರೀಬೇಡಿ ಮಾರಾಯ್ರೆ, ಒಂದು ಕೈಯಲ್ಲಿ ಕ್ಯಾಮೆರಾ ಇಟ್ಕೊಂಡು ಇನ್ನೊಂದು ಕೈಯಲ್ಲಿ ಕುಡಿಯೋವಾಗ ಮೆಣಸಿನಕಾಯಿ ಚೂರು ಗಂಟ್ಲಿಗೆ ಸಿಕ್ಕಿದ್ರೆ ಕೆಮ್ಮಿ ಕೆಮ್ಮಿ ಎದುರಿಗಿದ್ದ ಹಕ್ಕಿ ಎಲ್ಲಾ ಹಾರೋಗ್ತವೆ. ಉಪ್ಪು ಕೊನೇಲಿ, ಮನೇಲಿ ಕುಡಿಯೋದಕ್ಕಿಂತ ಒಂಚೂರು ಮುಂದಾಗೇ ಇರ್ಲಿ, ಬೆವರಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತೆ.

ತುಂಬೋದು ಸ್ಟೀಲ್ ಬಾಟ್ಲಿಗೆ. ತಾಮ್ರದ ಬಾಟ್ಲಿ ಈಗ ಎಲ್ರ ಹತ್ರಾನೂ ಐತೆ, ಅದ್ರಲ್ಲಿ ಬರೀ ನೀರು ಮಾತ್ರ, ಮಜ್ಜಿಗೆ ನಿಂಬೆಹಣ್ಣು ಏನೇ ಹುಳಿ ಹಾಕಿದ್ರೂ ತಾಮ್ರ ಬಿಟ್ಕೊಂಡು ಹೊಟ್ಟೆ ಕೆಡುತ್ತೆ. ರಾತ್ರೀನೇ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತೆಗೀರಿ, ಮೇಲೆ ಎರಡು ಬೆರಳು ಜಾಗ ಖಾಲಿ ಬಿಡಿ, ಬಿಸಿಲಿಗೆ ಹುಳಿ ಬಂದ್ರೆ ಗ್ಯಾಸ್ ತುಂಬಿ ಮುಚ್ಚಳ ತೆಗೆದಾಗ ಮುಖಕ್ಕೆ ಹಾರುತ್ತೆ. ಹನ್ನೊಂದು ಗಂಟೆ ಒಳಗೆ ಮುಗಿಸಿಬಿಡಿ.

ಮೊಸರು ಆಗಲ್ಲ ಅನ್ನೋರಿಗೆ ನಿಂಬೆಹಣ್ಣಿನ ಶರಬತ್ತು. ಇಲ್ಲಿ ಕಣ್ಣಂದಾಜು ಬೇಡ, ಓಆರ್‌ಎಸ್ ಅಳತೇನೇ ಹಿಡೀರಿ: ಒಂದು ಲೀಟ್ರು ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಆಮೇಲೆ ರುಚಿಗೆ ನಿಂಬೆರಸ. ಸಪ್ಪೆ ಅನ್ಸುತ್ತೆ, ಸಕ್ಕರೆ ಸುರೀಬೇಡಿ, ಜಾಸ್ತಿ ಆದ್ರೆ ಇನ್ನೂ ಬಾಯಾರುತ್ತೆ. ಕಬ್ಬಿನ ಹಾಲು, ಗೋಲಿ ಸೋಡಾ ಕೋಟೆಯಿಂದ ಇಳಿದ್ ಮೇಲೆ ಕುಡೀರಿ, ಕುಡಿದು ಕೈ ತೊಳೀರಿ. ಅಂಟು ಕೈಯಲ್ಲಿ ಫೋಕಸ್ ರಿಂಗ್ ಮುಟ್ಟಿದ್ರೆ ಧೂಳೆಲ್ಲಾ ಅಲ್ಲೇ ಕೂರುತ್ತೆ. ಮತ್ತೆ ಕ್ಯಾಮೆರಾ ಮೇಲೆ ಬರೀ ನೀರು ಬಿದ್ರೆ ಒಂದು ಕತೆ, ಸಕ್ಕರೆ ನೀರು ಬಿದ್ರೆ ಬೇರೇನೇ ಕತೆ: ತಕ್ಷಣ ಆಫ್ ಮಾಡಿ ಬ್ಯಾಟರಿ ಕಾರ್ಡ್ ತೆಗೀರಿ, ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣ ಬಟ್ಟೇಲಿ ಒರೆಸಿ, ಸರ್ವಿಸ್‌ಗೆ ಕೊಡಿ, ಆನ್ ಆಗುತ್ತಾ ಅಂತ ಟೆಸ್ಟ್ ಮಾಡ್ಬೇಡಿ.

ಬ್ಯಾಗ್ ಕಟ್ಟೋದ್ರಲ್ಲೂ ಒಂದೆರಡು ಮಾತಿದೆ. ಫ್ರಿಜ್ಜಿಂದ ತೆಗೆದ ಬಾಟ್ಲಿ ಯಾವತ್ತೂ ಕ್ಯಾಮೆರಾ ಖಾನೆ ಒಳಗೆ ಬೇಡ, ಮೈಮೇಲೆಲ್ಲಾ ನೀರು ಕಟ್ಟಿ ಬಟ್ಟೆ ಒದ್ದೆ ಆಗುತ್ತೆ, ಆ ತೇವಾನೇ ಲೆನ್ಸ್‌ನಲ್ಲಿ ಫಂಗಸ್ ಆಗೋದು. ಹೊರಗಿನ ಸೈಡ್ ಪಾಕೆಟ್‌ಗೆ ಹಾಕಿ ಅಂತ ಎಲ್ಲಾ ಕಡೆ ಹೇಳ್ತಾರೆ, ದುರ್ಗದಲ್ಲಿ ಅದೂ ಕಷ್ಟ, ಯಾಕಂದ್ರೆ ಕೋತಿಗಳು. ಬಣ್ಣದ ಜ್ಯೂಸ್ ಬಾಟ್ಲಿ, ಪ್ಲಾಸ್ಟಿಕ್ ಕವರ್ ಕಂಡ್ರೆ ಬಿಡಲ್ಲ, ಎಳ್ಕೊಂಡು ಹೋಗಿ ಬುರುಜಿನ ಮೇಲೆ ಕೂತು ನಿಮ್ ಮುಂದೇನೇ ಮುಚ್ಚಳ ತಿರುಗಿಸ್ತವೆ. ಅದಕ್ಕೆ ಬಾಟ್ಲಿಗೆ ಟವೆಲ್ ಸುತ್ತಿ ಬೇರೆ ಸಣ್ಣ ಚೀಲದಲ್ಲಿ ಹಾಕಿ, ಜಿಪ್ ಎಳೆದು ಹೆಗಲಿಗೆ ಹಾಕ್ಕೊಳ್ಳೋದೇ ವಾಸಿ.

ಕೆರೆ ಕಡೆ ಹಕ್ಕಿ ಫೋಟೋ ಹೊಡೆಯೋರದು ಬೇರೆ ತರ. ಕುಂದುವಾಡ ಕೆರೆ, ಕೊಂಡಜ್ಜಿ, ಸೂಳೆಕೆರೆ ಇಲ್ಲೆಲ್ಲಾ ಒಂದೇ ಕಡೆ ಗಂಟೆಗಟ್ಲೆ ಕೂರ್ಬೇಕು, ಹಸಿವು ಜಾಸ್ತಿ. ಅಲ್ಲಿಗೆ ರಾಗಿ ಅಂಬಲಿ ಬಿಟ್ರೆ ಬೇರೆ ಇಲ್ಲ. ಎರಡು ಚಮಚ ರಾಗಿ ಹಿಟ್ಟು ತಣ್ಣೀರಲ್ಲಿ ಗಂಟಿಲ್ದಂಗೆ ಕಲಸಿ, ಎರಡು ಲೋಟ ಕುದಿಯೋ ನೀರಿಗೆ ಹಾಕಿ ಏಳೆಂಟು ನಿಮಿಷ ಕೈಯಾಡಿಸಿ, ಪೂರ್ತಿ ಆರಿದ್ ಮೇಲೇನೇ ಮಜ್ಜಿಗೆ, ಉಪ್ಪು. ಹಸಿ ಈರುಳ್ಳಿ ಹಾಕಿದ್ರೆ ರುಚಿ, ಆದ್ರೆ ಅದೇ ದಿನ ಮಧ್ಯಾಹ್ನ ಮದ್ವೆ ಆರ್ಡರ್ ಇದ್ರೆ ಬಿಡಿ, ಮದುಮಕ್ಳ ಮುಖದ ಹತ್ರ ನಿಂತು ಪೋಸ್ ಹೇಳ್ಬೇಕಲ್ಲ. ಡಿಸೆಂಬರ್ ಚಳೀಲಿ, ಜೋಗಿಮಟ್ಟಿ ಗಾಳೀಲಿ ಬಿಸಿದು ಬೇಕೇ ಬೇಕು ಅಂದ್ರೆ ಫ್ಲಾಸ್ಕ್‌ಗೆ ಹಾಲಿನ ಚಾ ಹಾಕ್ಬೇಡಿ, ನಾಲ್ಕು ಗಂಟೆಗೆ ತುಂಬಿದ್ದು ಎಂಟಕ್ಕೆ ಒಂಥರಾ ವಾಸ್ನೆ ಬರುತ್ತೆ. ಶುಂಠಿ, ಮೆಣಸು, ಬೆಲ್ಲದ ಕಷಾಯ ಹಾಕಿ, ಅದಕ್ಕೂ ಮೊದ್ಲು ಫ್ಲಾಸ್ಕ್‌ಗೆ ಕುದಿಯೋ ನೀರು ಹಾಕಿ ಐದು ನಿಮಿಷ ಇಟ್ಟು ಚೆಲ್ಲಿ, ಬಿಸಿ ಎಷ್ಟೋ ಹೊತ್ತು ಜಾಸ್ತಿ ನಿಲ್ಲುತ್ತೆ.

ಶೂಟ್ ಮುಗೀತು, ಈಗ ಹೋಟ್ಲು. ದಾವಣಗೆರೆ ಆದ್ರೆ ಬೆಣ್ಣೆ ದೋಸೆ ಆಮೇಲೆ ಬೈಟು ಕಾಫಿ, ಸಂಜೆ ಆದ್ರೆ ಮಿರ್ಚಿ ಮಂಡಕ್ಕಿ ಜೊತೆ ಖಡಕ್ ಚಾ, ಇದನ್ನ ನಾನು ಹೇಳ್ಕೊಡೋದೇನಿಲ್ಲ. ಹೇಳ್ಬೇಕಾಗಿರೋದು ಆ ಲೋಟದ ಫೋಟೋ ಬಗ್ಗೆ, ಎಲ್ರೂ ಹೊಡೀತಾರೆ, ಯಾರ್ದ್ರಲ್ಲೂ ಹಬೆ ಕಾಣಲ್ಲ. ಹಬೆ ಕಾಣ್ಬೇಕು ಅಂದ್ರೆ ಬೆಳಕು ಲೋಟದ ಹಿಂದಿಂದ ಅಥವಾ ಓರೆಯಿಂದ ಬರ್ಬೇಕು, ಹಿನ್ನೆಲೆ ಕಪ್ಪಗಿರ್ಬೇಕು. ಬಾಗ್ಲಿಗೆ ಮುಖ ಮಾಡಿ ಕೂತು, ಬಾಗ್ಲ ಪಕ್ಕದ ಕತ್ತಲೆ ಗೋಡೆ ಫ್ರೇಮಿಗೆ ಬರೋ ಹಂಗೆ ಕ್ಯಾಮೆರಾ ಕೆಳಗಿಳಿಸಿ, ಲೆನ್ಸ್ ಅಪರ್ಚರ್ (ಬೆಳಕು ಒಳಗೆ ಬಿಡೋ ಕಿಂಡಿ) ಎಫ್/4, ಶಟರ್ 1/250. ಚಾ ಅಂಗಡಿಯವ್ರು ಎತ್ತಿ ಹೊಯ್ಯೋ ಧಾರೆ ಹನಿ ಹನಿಯಾಗಿ ನಿಲ್ಬೇಕು ಅಂದ್ರೆ 1/1000, ರೇಷ್ಮೆ ಎಳೆ ತರ ಬರ್ಬೇಕು ಅಂದ್ರೆ 1/30ಕ್ಕೆ ಇಳಿಸಿ ಮೊಣಕೈ ಟೇಬಲ್‌ಗೆ ಊರಿ. ಹೊಡೆಯೋಕೆ ಮುಂಚೆ ಅವ್ರನ್ನ ಒಂದ್ಮಾತು ಕೇಳಿ, ‘ಅಣ್ಣಾ, ಒಂದು ಫೋಟೋ ತೆಗಿಲಾ’ ಅಂದ್ರೆ ಸಾಕು, ಇನ್ನೂ ಎತ್ತರಕ್ಕೆ ಎತ್ತಿ ಹೊಯ್ತಾರೆ. ನಾಲ್ಕೈದು ಶಾಟ್‌ಗೆ ನಿಲ್ಲಿಸಿ, ಕೆನೆ ಕಟ್ಟಿದ ಚಾ ಕುಡಿಯೋದು ಫೋಟೋಗ್ರಾಫರ್ ಹಣೇಬರಹ ಅಂತ ಯಾರು ಬರೆದಿಟ್ಟಿದಾರೆ? ಬೆಣ್ಣೆ ಕೈ ತೊಳ್ಕೊಂಡೇ ಕ್ಯಾಮೆರಾ ಮುಟ್ಟಿ, ಟಿಶ್ಯೂಲಿ ಒರೆಸಿದ್ರೆ ಜಿಡ್ಡು ಹೋಗಲ್ಲ.

ಕೊನೇದು ಫಿಲ್ಮ್ ರೀಲ್ ಹುಚ್ಚು ಇನ್ನೂ ಬಿಡದೇ ಇರೋರಿಗೆ. ಇನ್‌ಸ್ಟಂಟ್ ಕಾಫೀಲಿ ಬ್ಲಾಕ್ ಅಂಡ್ ವೈಟ್ ಫಿಲ್ಮ್ ಡೆವಲಪ್ ಮಾಡ್ಬೋದು, ಕೆಫೆನಾಲ್ ಅಂತಾರೆ, 1995ರಲ್ಲಿ ಅಮೆರಿಕಾದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತೆ ಅವ್ರ ವಿದ್ಯಾರ್ಥಿಗಳು ಶುರು ಮಾಡಿದ್ದು. ಕೆಲ್ಸ ಮಾಡೋದು ಕಾಫಿಯಲ್ಲಿರೋ ಕೆಫೀಕ್ ಆಸಿಡ್, ಕೆಫೀನ್‌ಗೂ ಇದಕ್ಕೂ ಸಂಬಂಧ ಇಲ್ಲ, ಹಂಗಾಗಿ ದುಬಾರಿ ಕಾಫಿ ವೇಸ್ಟ್, ಚಿಕೋರಿ ಇಲ್ದಿರೋ ಅಗ್ಗದ್ದು ತನ್ನಿ, ಪ್ಯಾಕೆಟ್ ಹಿಂದೆ ಓದಿ ನೋಡಿ, ನಮ್ ಕಡೆ ಅಂಗಡೀಲಿ ಸಿಗೋದ್ರಲ್ಲಿ ಚಿಕೋರಿ ಕಲಸಿರೋದೇ ಜಾಸ್ತಿ. ಒಂದು ಲೀಟ್ರಿಗೆ ವಾಷಿಂಗ್ ಸೋಡಾ ಪುಡಿ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಕಾಫಿ ಪುಡಿ 40 ಗ್ರಾಂ, ಇದೇ ಆರ್ಡರ್‌ನಲ್ಲಿ ಒಂದಾದ್ಮೇಲೊಂದು ಕರಗಿಸಿ ನೊರೆ ಇಳಿಯೋ ತನಕ ಬಿಡಿ. ಅಡುಗೆ ಸೋಡಾ ಹಾಕಿದ್ರೆ ಏನೂ ಬರಲ್ಲ. 100 ಐಎಸ್ಒ ರೀಲ್‌ಗೆ 20 ಡಿಗ್ರಿಯಲ್ಲಿ ಸುಮಾರು 15 ನಿಮಿಷ, ಆಮೇಲೆ ಮಾಮೂಲಿ ಫಿಕ್ಸರ್ರು (ಚಿತ್ರ ಬೆಳಕಿಗೆ ಕೆಡದಂಗೆ ನಿಲ್ಸೋ ದ್ರಾವಣ). ಮಾರ್ಚ್ ಬಂತು ಅಂದ್ರೆ ನಮ್ಮ ನಲ್ಲಿ ನೀರೇ ಮೂವತ್ತರ ಹತ್ರ ಇರುತ್ತೆ, ಅದಕ್ಕೆ ಡೆವಲಪರ್ ಪಾತ್ರೇನ ಐಸ್ ಹಾಕಿದ ಬಕೆಟ್ ಒಳಗೆ ಇಟ್ಟು ಥರ್ಮಾಮೀಟರ್ ನೋಡ್ಕೊಂಡು ಶುರು ಮಾಡಿ. ವಾಸ್ನೆ ಭಯಂಕರ, ಕಿಟಕಿ ತೆಗೆದಿಡಿ, ಮನೆಯವ್ರು ಇಲ್ದಿರೋ ದಿನ ನೋಡ್ಕೊಳ್ಳಿ. ಆ ಪಾತ್ರೆ ಲೋಟ ಚಮಚ ಇವು ಮತ್ತೆ ಅಡುಗೆಮನೆಗೆ ವಾಪಸ್ ಹೋಗ್ಬಾರ್ದು, ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ‘ಫಿಲ್ಮ್’ ಅಂತ ಬರೆದು ಬೇರೇನೇ ಇಡಿ.