ಡಾಕ್ಟರ್ ಬರುವ ಮುಂಚಿನ ಎರಡು ನಿಮಿಷ

ನರ್ಸಿಂಗ್ ಓದುವಾಗ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ವೈವಾದಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತು. 30 ಸಲ ಒತ್ತಿ 2 ಉಸಿರು, ನಿಮಿಷಕ್ಕೆ 100ರಿಂದ 120, ಎದೆ 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗಬೇಕು. ಎಲ್ಲ ಬಾಯಿಪಾಠ. ಅದಾಗಿ ಕೆಲವು ತಿಂಗಳಿಗೆ ವಾರ್ಡ್ ಪೋಸ್ಟಿಂಗ್. ಬಿಪಿ ನೋಡಲು ಹೋದರೆ ರೋಗಿ ಕರೆದರೂ ಮಾತಿಲ್ಲ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರ್ ಎಂದು ಉಸಿರೆಳೆಯುತ್ತಿದ್ದರು. ಉಸಿರಾಡ್ತಿದ್ದಾರಲ್ಲ ಅಂದುಕೊಂಡು ಸಿಸ್ಟರನ್ನು ಕರೆಯಲು ಓಡಿದೆ. ಅವರು ಬಂದವರೇ ಕುತ್ತಿಗೆಗೆ ಬೆರಳಿಟ್ಟು ನೋಡಿ, ಎದೆ ಒತ್ತಲು ಶುರು ಮಾಡಿದರು. ನಾನು ನೋಡಿದ್ದು ಉಸಿರಾಟವೇ ಅಲ್ಲ, ಗ್ಯಾಸ್ಪಿಂಗ್. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಬರುತ್ತದೆ.

ಆ ರೋಗಿ ಉಳಿಯಲಿಲ್ಲ. ನಾನು ಓಡಿದ್ದರಿಂದಲೇ ಅಂತ ಯಾರೂ ಅನ್ನಲಿಲ್ಲ. ಆದರೂ ಆ ಗೊರ್ ಎನ್ನುವ ಸದ್ದು ಕಿವಿಯಿಂದ ಹೋಗಲಿಲ್ಲ.

ಮುಂದೆ ನಾನೇ ವಿದ್ಯಾರ್ಥಿಗಳಿಗೆ ಇದರ ಪಾಠ ಹೇಳುವ ಕೆಲಸಕ್ಕೆ ಬಂದೆ. ವರ್ಷಕ್ಕೊಂದು ದಿನದ ತರಬೇತಿ, ಕೊನೆಗೆ ಒಂದು ಸರ್ಟಿಫಿಕೇಟ್. ಕಲಿತದ್ದು ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋಗುತ್ತದೆ ಅನ್ನುವುದಕ್ಕೆ ನನಗಿಂತ ಸಾಕ್ಷಿ ಬೇಕೇ? ಹಾಗಾಗಿ ವಾರಕ್ಕೊಮ್ಮೆ ಹತ್ತು ನಿಮಿಷ ಅಂತ ಮಾಡಿಕೊಂಡೆ. ಡ್ಯೂಟಿ ಶುರುವಾಗುವ ಮುಂಚೆ, ಯೂನಿಫಾರ್ಮ್‌ನಲ್ಲೇ. ಪಾಠ ಇಲ್ಲ, ಸ್ಲೈಡ್ ಇಲ್ಲ.

ಮೊದಲು ಸಿಪಿಆರ್ ಅಭ್ಯಾಸದ ಬೊಂಬೆಯನ್ನು ನೆಲದಿಂದ ಎತ್ತಿ ಮಂಚದ ಮೇಲೆ ಮಲಗಿಸಿದೆ. ಅಷ್ಟಕ್ಕೇ ಎಲ್ಲರ ಲೆಕ್ಕ ತಪ್ಪಿತು. ನೆಲದ ಮೇಲೆ ಚೆನ್ನಾಗಿ ಒತ್ತುತ್ತಿದ್ದವರು ಇಲ್ಲಿ ಒತ್ತಿದರೆ ಎದೆಗಿಂತ ಹಾಸಿಗೆಯೇ ಜಾಸ್ತಿ ತಗ್ಗುತ್ತಿತ್ತು. ಬೆನ್ನಡಿ ಗಟ್ಟಿ ಹಲಗೆ ಬೇಕು ಅನ್ನುವುದು ಆಗ ಅರ್ಥವಾಯಿತು. ಕುಳ್ಳಗಿದ್ದವರ ಮೊಣಕೈ ಮಡಚುತ್ತಿತ್ತು. ಒಬ್ಬಳು ಅರ್ಧಕ್ಕೇ ನಿಲ್ಲಿಸಿ, "ಮೇಡಂ, ಸ್ಟೂಲ್ ಎಲ್ಲಿ?" ಅಂದಳು. ಹುಡುಕಿದೆವು. ಸಿಕ್ಕಿದ್ದು ಕಾರಿಡಾರಿನ ಕೊನೆಯಲ್ಲಿ, ಯಾರೋ ಫ್ಯಾನ್ ಒರೆಸಲು ಒಯ್ದಿದ್ದರು. ಅವತ್ತಿನಿಂದ ಸ್ಟೂಲಿನ ಜಾಗ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಸಲಕರಣೆಗಳ ಗಾಡಿ) ಪಕ್ಕದಲ್ಲೇ.

ಪಕ್ಕೆಲುಬು ಮುರಿದರೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಮುರಿಯಬಹುದು, ಮುರಿದರೂ ನಿಲ್ಲಿಸಬೇಡಿ ಅಂತ ಮುಖಕ್ಕೆ ಹೇಳಿಬಿಡುತ್ತೇನೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲೇಬೇಕು. "ನನಗೆ ಸುಸ್ತಾಗಿಲ್ಲ" ಅನ್ನುವವರ ಒತ್ತು ಅಷ್ಟರಲ್ಲಿ ಅರ್ಧ ಸೆಂಟಿಮೀಟರ್ ಮೇಲೆ ಬಂದಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ.

ನಿಜವಾದ ಕಷ್ಟ ಡಿಫಿಬ್ರಿಲೇಟರ್‌ದು, ಎದೆಗೆ ಕರೆಂಟ್ ಶಾಕ್ ಕೊಡುವ ಮೆಷಿನ್‌ದು. ಅದನ್ನು ತಂದಿಟ್ಟರೆ ಸಾಕು, ಎಲ್ಲರೂ ಒಂದು ಹೆಜ್ಜೆ ಹಿಂದೆ. ಅದು ಡಾಕ್ಟರ್ ಮೆಷಿನ್ ಅನ್ನುವ ಭಾವನೆ. ಅವರಿಗೆ ನಾನು ಹೇಳುವ ಕಥೆ ಒಂದಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರ್ ಕೌವೆನ್‌ಹೋವನ್ ಅವರ ತಂಡ ನಾಯಿಗಳ ಮೇಲೆ ಶಾಕ್ ಪ್ರಯೋಗ ನಡೆಸುತ್ತಿತ್ತು. ಭಾರವಾದ ಪ್ಯಾಡಲ್ ಎದೆಗೆ ಒತ್ತಿದಾಗಲೆಲ್ಲ, ಶಾಕ್ ಕೊಡುವ ಮುಂಚೆಯೇ, ರಕ್ತದೊತ್ತಡ ಸ್ವಲ್ಪ ಏರುವುದು ಕಂಡಿತು. ಹೊರಗಿನಿಂದ ಎದೆ ಒತ್ತುವ ಪದ್ಧತಿ ಬೆಳೆದದ್ದು ಅಲ್ಲಿಂದ, 1960ರಲ್ಲಿ ಪ್ರಕಟವಾಯಿತು. ಶಾಕ್ ಕೊಡುವ ಪ್ರಯೋಗದ ಮನೆಯಲ್ಲೇ ಒತ್ತುವುದೂ ಬೆಳೆಯಿತು. ಒಂದನ್ನು ಮಾತ್ರ ಕಲಿತು ಇನ್ನೊಂದಕ್ಕೆ ಹೆದರಿದರೆ ಹೇಗೆ? ಫಿಬ್ರಿಲೇಷನ್ ಆದ, ಅಂದರೆ ಸರಿಯಾಗಿ ಬಡಿಯದೆ ಬರೀ ಅದುರುವ ಹೃದಯಕ್ಕೆ ಶಾಕೂ ಇಲ್ಲ, ಸಿಪಿಆರೂ ಇಲ್ಲ ಅಂದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ.

ಸಿನಿಮಾದಲ್ಲಿ ಮಾನಿಟರ್ ಮೇಲೆ ನೇರ ಗೆರೆ ಬಂದ ತಕ್ಷಣ ಶಾಕ್ ಕೊಡ್ತಾರಲ್ಲ, ಅದನ್ನು ತಲೆಯಿಂದ ತೆಗೆಸಲು ಎರಡು ವಾರ ಹೋಗುತ್ತದೆ. ನೇರ ಗೆರೆಗೆ ಶಾಕ್ ಇಲ್ಲ. ಲೀಡ್ (ಮಾನಿಟರ್‌ನ ವೈರ್) ಕಳಚಿದೆಯಾ ನೋಡು, ಒತ್ತುತ್ತಿರು. ಶಾಕ್ ಇರುವುದು ವಿಎಫ್‌ಗೆ (ಆ ಅದುರುವ ಫಿಬ್ರಿಲೇಷನ್), ನಾಡಿ ಸಿಗದ ವಿಟಿಗೆ (ಹೃದಯ ವಿಪರೀತ ವೇಗವಾಗಿ ಓಡುವುದು).

ಶಾಕ್ ತಡೆದುಕೊಳ್ಳುವ ಹಾಗೆ ಮಾಡಿದ ಬೊಂಬೆಯಿದ್ದರೆ ನಾನೊಂದು ಕಿತಾಪತಿ ಮಾಡುತ್ತೇನೆ. ಯಾರಿಗೂ ಹೇಳದೆ ಸಿಂಕ್ ಬಟನ್ ಆನ್ ಮಾಡಿಡುತ್ತೇನೆ. ಅವರು ಚಾರ್ಜ್ ಮಾಡುತ್ತಾರೆ, "ಎಲ್ಲರೂ ದೂರ!" ಅನ್ನುತ್ತಾರೆ, ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಸಿಂಕ್‌ನಲ್ಲಿ ಮೆಷಿನ್ ಇಸಿಜಿಯ ಆರ್ ಅಲೆಗಾಗಿ, ಅಂದರೆ ಪ್ರತಿ ಬಡಿತಕ್ಕೆ ಏಳುವ ಚೂಪು ಗೆರೆಗಾಗಿ, ಕಾಯುತ್ತದೆ, ವಿಎಫ್‌ನಲ್ಲಿ ಆ ಅಲೆ ಎಲ್ಲಿಂದ ಬರಬೇಕು? ಒಮ್ಮೆ ಹೀಗೆ ಸಿಕ್ಕಿಬಿದ್ದವರು ಆಮೇಲೆ ಮೊದಲು ಕಣ್ಣು ಹಾಯಿಸುವುದೇ ಆ ಬಟನ್ ಕಡೆ.

ಇನ್ನೊಂದು ಚಟ, ಶಾಕ್ ಆದ ಕೂಡಲೇ ಎಲ್ಲರೂ ಮಾನಿಟರ್ ನೋಡುತ್ತಾ ನಿಲ್ಲುವುದು. ತಕ್ಷಣ ಮತ್ತೆ ಒತ್ತಬೇಕು, ಎರಡು ನಿಮಿಷ ಆದ ಮೇಲೆ ನೋಡಿದರಾಯಿತು. ಹೇಳಿ ಹೇಳಿ ಸಾಕಾಗಿ, ಶಾಕ್ ಆಗುತ್ತಿದ್ದ ಹಾಗೆ ಪರದೆ ಮೇಲೆ ಟವೆಲ್ ಹಾಕಲು ಶುರು ಮಾಡಿದೆ. ನಕ್ಕರು, ಆದರೆ ಕೈ ಎದೆ ಮೇಲೆ ಹೋಯಿತು.

ಆ ಸ್ಟೂಲ್ ಕೇಳಿದವಳು ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ಫೋನ್ ಮಾಡಿದಳು. ನೈಟ್ ಡ್ಯೂಟಿ, ರೋಗಿ ಗೊರ್ ಅಂದರಂತೆ. ಕಿರುಚಿ ಸಹಾಯ ಕರೆದು ಒತ್ತಲು ಶುರು ಮಾಡಿದ್ದಾಳೆ, ಸ್ಟೂಲ್ ಕಾಣದೆ ಮಂಚ ಹತ್ತಿ ಮಂಡಿಯೂರಿ. ಎರಡನೇ ಶಾಕಿಗೆ ನಾಡಿ ಸಿಕ್ಕಿದೆ.

"ಈಗ ಹೇಗಿದ್ದಾರೆ?" ಅಂದೆ.

"ಎದೆ ನೋವು ಅಂತ ಬೆಳಗ್ಗೆಯಿಂದ ನನ್ನನ್ನೇ ಬೈತಿದ್ದಾರೆ ಮೇಡಂ."