ಎಎನ್‌ಎ ಪಾಸಿಟಿವ್, ಕಾಯಿಲೆ ಮಾತ್ರ ಇನ್ನೂ ತಿಳಿದಿಲ್ಲ

ನನ್ನ ಫೈಲಿನಲ್ಲಿ ಮೂರು ಲ್ಯಾಬುಗಳ ಎಎನ್‌ಎ ರಿಪೋರ್ಟುಗಳಿವೆ. ದೇಹ ತನ್ನದೇ ಜೀವಕೋಶಗಳ ಕೇಂದ್ರದ ವಿರುದ್ಧ ಪ್ರತಿಕಾಯ ಮಾಡಿಕೊಂಡಿದೆಯೇ ಎಂದು ನೋಡುವ ರಕ್ತಪರೀಕ್ಷೆ ಇದು. ಒಂದರಲ್ಲಿ 1:320, ಇನ್ನೊಂದರಲ್ಲಿ 1:160. ಎಲೈಸಾ ಎಂಬ ಬೇರೆ ವಿಧಾನದಲ್ಲಿ ಮಾಡಿದ ಮೂರನೆಯದರಲ್ಲಿ ನೆಗೆಟಿವ್. ಮೊದಲನೆಯದನ್ನು ನೋಡಿದ ಭಾವ, "ಮುನ್ನೂರಿಪ್ಪತ್ತಾ! ಶುಗರ್ ಆಗಿದ್ರೆ ಈಗ್ಲೇ ಅಡ್ಮಿಟ್ ಮಾಡ್ತಿದ್ರು" ಅಂದರು. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೂ ಆ ಅಂಕಿಯ ಲೆಕ್ಕ ಹಿಡಿಯಲು ಸಮಯ ಬೇಕಾಯಿತು. ರಕ್ತದ ಸೀರಮ್ಮನ್ನು 40, 80, 160, 320 ಹೀಗೆ ದುಪ್ಪಟ್ಟು ತೆಳು ಮಾಡುತ್ತಾ ಹೋಗುತ್ತಾರೆ. ಪ್ರತಿ ಸಲ ಹೆಪ್-2 ಎಂಬ ಜೀವಕೋಶಗಳ ಮೇಲೆ ಹಾಕಿ, ಮೈಕ್ರೋಸ್ಕೋಪಿನಡಿ ಹಸಿರು ಹೊಳಪು ಕಾಣುತ್ತದೆಯೇ ಎಂದು ನೋಡುತ್ತಾರೆ. ಎಷ್ಟು ತೆಳುವಾಗುವವರೆಗೆ ಹೊಳಪು ಉಳಿಯಿತೋ ಅದೇ ಅಂಕಿ. ಒಂದು ಲ್ಯಾಬಿನ 160 ಇನ್ನೊಂದರಲ್ಲಿ 320 ಆಗುವುದು ಮಾಮೂಲು. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನೂರು ಆರೋಗ್ಯವಂತರಲ್ಲಿ ಸುಮಾರು ಐವರಿಗೆ 1:160, ಮೂವರಿಗೆ 1:320 ಬರುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಆದರೆ ನಾನು ಆರೋಗ್ಯವಾಗಿದ್ದೆ ಅಂತಲೂ ಅಲ್ಲ. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಡಿಸೆಂಬರ್ ಚಳಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಬ್ಬ ಹುಡುಗ, "ಟೀಚರ್, ಬೆರಳಿಗೆ ಸೀಮೆಸುಣ್ಣ ಮೆತ್ತಿದೆ" ಅಂದ. ಒರೆಸಿದೆ, ಹೋಗಲಿಲ್ಲ. ಎರಡು ಬೆರಳು ತುದಿಯಿಂದ ನಡುಗಂಟಿನವರೆಗೆ ಬಿಳಿಚಿಕೊಂಡಿದ್ದವು. ಆಮೇಲೆ ನೀಲಿಯಾಗಿ, ಬಿಸಿನೀರಿನ ಲೋಟ ಹಿಡಿದ ಮೇಲೆ ಕೆಂಪೇರಿ ಉರಿದವು. ಇದಕ್ಕೆ ರೇನಾಡ್ಸ್ ಅನ್ನುತ್ತಾರಂತೆ. ಬೆಳಿಗ್ಗೆ ಗಂಟುಗಳು ಬಿಗಿದು ಕಾಯಿ ತುರಿಯಲು ಹೆರೆಮಣೆ ಮುಂದೆ ಕೂತರೆ ಕೈ ಮಡಚುತ್ತಿರಲಿಲ್ಲ. ಬಾಯಿಯ ಮೇಲಂಗುಳಲ್ಲಿ ಹುಣ್ಣು, ಅದೂ ನೋವಿಲ್ಲದ್ದು. ಸುಸ್ತಿನ ವಿಚಾರ ಬರೆಯಲು ಹೋಗುವುದಿಲ್ಲ. ಅನುಭವಿಸಿದವರಿಗೆ ಹೇಳಬೇಕಿಲ್ಲ, ಉಳಿದವರು ನಂಬುವುದಿಲ್ಲ.

ಊರಿನ ಡಾಕ್ಟರು ಮೊದಲು ಅನುಮಾನಿಸಿದ್ದು ಚಿಕುನ್‌ಗುನ್ಯಾ. ಅದರಲ್ಲಿ ತಪ್ಪೇನಿಲ್ಲ, ಆ ಜ್ವರ ಬಿಟ್ಟು ತಿಂಗಳುಗಟ್ಟಲೆ ಗಂಟುನೋವು ಉಳಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅದು ನೆಗೆಟಿವ್ ಬಂತು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ತುಸು ಕಡಿಮೆ. ಅವರೇ ಎಎನ್‌ಎ ಬರೆದು, ಬೆಂಗಳೂರಿನ ರುಮಟಾಲಜಿಸ್ಟ್ (ಗಂಟುರೋಗಗಳ ತಜ್ಞರು) ಬಳಿ ಕಳಿಸಿದರು.

ರಾತ್ರಿ ರೈಲು ಹತ್ತಿ ಹೋದರೆ, ಬೆಳಿಗ್ಗೆ ಡಾಕ್ಟರ ಮುಂದೆ ಕೂತಾಗ ಬೆರಳು ನೆಟ್ಟಗೆ, ಹುಣ್ಣು ಮಾಯ. ಇಂಥ ಕಾಯಿಲೆಯ ಸ್ವಭಾವವೇ ಹಾಗೆ, ತೋರಿಸುವ ದಿನ ಅಡಗಿಕೊಳ್ಳುತ್ತದೆ. ಅಲ್ಲಿಂದ ಮೇಲೆ ಫೋಟೊ ತೆಗೆದಿಡತೊಡಗಿದೆ: ಬಿಳಿಚಿದ ಬೆರಳು, ಊದಿದ ಗಂಟಿನ ಪಕ್ಕ ಊದದ ಗಂಟು, ಬಾಯಿ ತೆರೆದು ಟಾರ್ಚ್ ಬೆಳಕಿನಲ್ಲಿ ಮೇಲಂಗುಳು (ಇದನ್ನು ತೆಗೆಯಲು ಮಗಳೇ ಬೇಕು). ಒಂದು ನೋಟ್‌ಬುಕ್ ಕೂಡ ಇಟ್ಟೆ. ಅದರಲ್ಲಿ "ತುಂಬಾ ನೋವು" ಅಂತ ಬರೆಯುವುದಿಲ್ಲ. ಎದ್ದ ಮೇಲೆ ಬೆರಳು ಪೂರ್ತಿ ಮಡಚಲು ಎಷ್ಟು ನಿಮಿಷ ಹಿಡಿಯಿತು, ಜಡೆ ಹೆಣೆಯಲಾಯಿತೇ, ಕಾಯಿ ತುರಿದೆನೇ, ಜ್ವರ ಎಷ್ಟು ಡಿಗ್ರಿ ಇತ್ತು, ಅಷ್ಟೇ. ಬಿಗಿತ ಅರ್ಧ ಗಂಟೆ ದಾಟುತ್ತದೆಯೇ ಅನ್ನುವ ಒಂದೇ ಪ್ರಶ್ನೆಗೆ ಡಾಕ್ಟರು ಎಷ್ಟು ಬೆಲೆ ಕೊಡುತ್ತಾರೆ ಎಂಬುದು ಎರಡನೆಯ ಭೇಟಿಯಲ್ಲಿ ತಿಳಿಯಿತು.

ಪರೀಕ್ಷೆಗಳು ಮುಂದುವರಿದವು, ಎಲ್ಲವೂ ಅಂಚಿನಲ್ಲೇ. ಪ್ರತಿಕಾಯಗಳನ್ನು ಒಂದೊಂದಾಗಿ ನೋಡುವ ಎಎನ್‌ಎ ಪ್ರೊಫೈಲ್‌ನಲ್ಲಿ ರೋ (Ro) ಎಂಬ ಪ್ರತಿಕಾಯದ ಗೆರೆ ಮಸುಕಾಗಿ ಮೂಡಿ "ಬಾರ್ಡರ್‌ಲೈನ್" ಆಯಿತು. ಡಿಎನ್‌ಎ ವಿರುದ್ಧದ ಪ್ರತಿಕಾಯ ನೋಡುವ ಡಿಎಸ್-ಡಿಎನ್‌ಎ ಪರೀಕ್ಷೆ ನೆಗೆಟಿವ್. ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಪಟ್ಟಿ 5 ಮಿಲಿಮೀಟರ್ ಕೂಡ ದಾಟಿ ಒದ್ದೆಯಾಗದಿದ್ದರೆ ಒಣಗಣ್ಣು ಎಂಬ ಲೆಕ್ಕ, ನನ್ನದು 8.

ಮೇಷ್ಟರ ಬುದ್ಧಿ ಸುಮ್ಮನಿರುತ್ತದೆಯೇ? 2019ರಲ್ಲಿ ಅಮೆರಿಕ ಮತ್ತು ಯುರೋಪಿನ ರುಮಟಾಲಜಿ ಸಂಘಟನೆಗಳು ಸೇರಿ ಲೂಪಸ್‌ಗೆ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಮಾಡಿದ ಅಂಕಪಟ್ಟಿ ಹುಡುಕಿ ಕೂಡಿಸಿದೆ. ಎಎನ್‌ಎ 1:80 ಇದ್ದರೆ ಒಳಗೆ ಪ್ರವೇಶ, ಹತ್ತು ಅಂಕ ಬಂದರೆ ಪಾಸು. ಗಂಟಿಗೆ 6, ಬಾಯಿಹುಣ್ಣಿಗೆ 2. ಕೂದಲು ಉದುರುವುದಕ್ಕೂ 2 ಇದೆ, ಆದರೆ ಹುಣ್ಣು ಮತ್ತು ಕೂದಲು ಒಂದೇ ಗುಂಪಿಗೆ ಸೇರುವುದರಿಂದ ಒಂದನ್ನೇ ಎಣಿಸಬೇಕು. ರೇನಾಡ್ಸ್‌ಗೆ ಅಂಕವೇ ಇಲ್ಲ. ಒಟ್ಟು 8. ಇದನ್ನು ತೋರಿಸಿದಾಗ ಡಾಕ್ಟರು ನಕ್ಕು, "ಮೇಡಂ, ಇದು ಮಾರ್ಕ್ಸ್ ಕಾರ್ಡ್ ಅಲ್ಲ. ಸಂಶೋಧನೆಗೆ ರೋಗಿಗಳನ್ನ ಒಂದೇ ಅಳತೇಲಿ ಆರಿಸೋಕೆ ಮಾಡಿದ್ದು. ಇವತ್ತಿಗೆ ಲೂಪಸ್ ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ" ಅಂದರು. ಫೈಲಿನಲ್ಲಿ ಅನ್‌ಡಿಫರೆನ್ಶಿಯೇಟೆಡ್ ಕನೆಕ್ಟಿವ್ ಟಿಶ್ಯೂ ಡಿಸೀಸ್ ಎಂದು ಬರೆದರು, ಅಂದರೆ ಈ ಗುಂಪಿನ ಯಾವ ಕಾಯಿಲೆ ಎಂದು ಇನ್ನೂ ಬೇರ್ಪಡದ್ದು. ಹೀಗಿರುವವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮುಂದೆ ಲೂಪಸ್ಸೋ, ಕಣ್ಣು ಬಾಯಿ ಒಣಗಿಸುವ ಶೋಗ್ರೆನ್ಸೋ, ಇನ್ನೊಂದೋ ಖಚಿತವಾಗುತ್ತದಂತೆ, ಹೆಚ್ಚಾಗಿ ಮೊದಲ ಐದು ವರ್ಷಗಳಲ್ಲಿ. ಉಳಿದವರು ಹೀಗೇ ಇರುತ್ತಾರೆ, ಕೆಲವರಿಗೆ ಕಡಿಮೆಯೂ ಆಗುತ್ತದೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅವರ ಇನ್ನೊಂದು ಮಾತು: ಎಎನ್‌ಎ ಮತ್ತೆ ಮಾಡಿಸಬೇಡಿ. ಕಾಯಿಲೆ ಏರಿತೋ ಇಳಿಯಿತೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ನೋಡಬೇಕಾದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಬಿಪಿ, ಕ್ರಿಯೇಟಿನೈನ್, ರಕ್ತಕಣಗಳ ಎಣಿಕೆ, ಸಿ3 ಸಿ4 ಎಂಬ ರಕ್ತದ ಪ್ರೋಟೀನುಗಳು. ಮೂತ್ರಪಿಂಡ ಕೆಡುವಾಗ ಮೊದಮೊದಲು ನೋವೇ ಇರುವುದಿಲ್ಲ, ಮೂತ್ರ ಪರೀಕ್ಷೆಯೇ ಹೇಳಬೇಕು. ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯೂ ಅದೇ, ಸಾಗರದಲ್ಲೇ ಆಗುತ್ತದೆ. ಈಗ ಮೂರು ತಿಂಗಳಿಗೊಮ್ಮೆ ಇಲ್ಲೇ ಮಾಡಿಸಿ, ಒಂದೇ ಲ್ಯಾಬಿನಲ್ಲಿ, ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಬೆಂಗಳೂರಿಗೆ ಹೋಗುವುದು ರಜೆಯಲ್ಲಿ ಮಾತ್ರ.

ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ಲೆಕ್ಕ ಹಾಕಿ ಕೊಟ್ಟರು, ಶುರುವಿನಲ್ಲೇ ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿದರು. ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ನೆಂಟರ ತಾಳ್ಮೆ ಮುಗಿದಿತ್ತು. "ನಂಜು ಕಣೇ, ಬದನೆಕಾಯಿ ಬಿಡು" ಅಂದರು ಚಿಕ್ಕಮ್ಮ. ಬಿಟ್ಟೆ, ಗಂಟಿಗೆ ಏನೂ ಆಗಲಿಲ್ಲ, ಊಟ ಸಪ್ಪೆಯಾಯಿತು. ಈಗ ಎಣ್ಣೆಗಾಯಿ ತಿನ್ನುತ್ತೇನೆ. ಲೇಬಲ್ ಇಲ್ಲದ ಬಿಳಿ ಪುಡಿಯ ಪೊಟ್ಟಣ ತಂದುಕೊಟ್ಟವರಿಗೆ ಮಾತ್ರ ಕೈಮುಗಿದೆ. ಅಂಥ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಎರಡೇ ದಿನದಲ್ಲಿ ನೋವು ಹೋಗುತ್ತದೆ, ಲಕ್ಷಣಗಳೂ ಮುಚ್ಚಿಹೋಗಿ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಮಗಳಿಗೂ ಎಎನ್‌ಎ ಮಾಡಿಸು ಅನ್ನುವವರಿಗೆ, ಲಕ್ಷಣವಿಲ್ಲದೆ ಬೇಡ ಅಂತ ಡಾಕ್ಟರ ಹೆಸರು ಹೇಳಿಬಿಡುತ್ತೇನೆ.

ಶಾಲೆಯಲ್ಲಿ ಹೆಡ್‌ಮೇಷ್ಟರಿಗೆ ಎರಡೇ ವಿಷಯ ಕೇಳಿದೆ: ಮೊದಲ ಪೀರಿಯಡ್ ಬೇಡ, ಪ್ರಾರ್ಥನೆಯ ಹೊತ್ತಿಗೆ ಬಿಸಿಲಲ್ಲಿ ನಿಲ್ಲಿಸಬೇಡಿ. ಕಾಯಿಲೆ ವಿವರಿಸಲು ಹೋಗಿದ್ದರೆ ಕೇಳುತ್ತಿರಲಿಲ್ಲ, ಬೇಕಾದ್ದನ್ನು ಮಾತ್ರ ಹೇಳಿದ್ದಕ್ಕೆ ಟೈಮ್‌ಟೇಬಲ್ ಬದಲಾಯಿತು. ಚಳಿಗಾಲದಲ್ಲಿ ಪಾತ್ರೆಗೆ ಬಿಸಿನೀರು, ಫ್ರಿಜ್ಜಿಗೆ ಕೈ ಹಾಕುವಾಗ ಕೈಗವಸು, ಮೈಯನ್ನೂ ಬೆಚ್ಚಗಿಡುವ ಸ್ವೆಟರ್. ಮೈ ತಣ್ಣಗಾದರೆ ಕೈಗವಸು ಒಂದೇ ಸಾಲದು.

ಕಳೆದ ಸಲ ಸಿ4 ತುಸು ಕಡಿಮೆ ಬಂತು. ಆ ಅಂಕಪಟ್ಟಿಯಲ್ಲಿ ಅದಕ್ಕೆ 3, ಒಟ್ಟು 11. ಡಾಕ್ಟರು ಮಾತ್ರೆ ಬದಲಿಸಲಿಲ್ಲ, ಮುಂದಿನ ಸಲ ಮತ್ತೆ ನೋಡೋಣ ಅಂದರು. ಫೈಲಿನ ಹೊರಗಡೆ ಅವರೇ ಬರೆದುಕೊಟ್ಟ ಪಟ್ಟಿಯೊಂದಿದೆ, ಅದನ್ನು ನಮ್ಮವರೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದಾರೆ: ನೊರೆ ನೊರೆ ಮೂತ್ರ, ಮುಖ ಅಥವಾ ಪಾದದ ಬಾವು, ಉಸಿರೆಳೆದಾಗ ಎದೆನೋವು, ಬೆರಳ ತುದಿಯಲ್ಲಿ ಹುಣ್ಣು, ಕಾರಣವಿಲ್ಲದೆ ಬಿಡದ ಜ್ವರ. ಇವುಗಳಲ್ಲಿ ಒಂದು ಕಂಡರೂ ಮೂರು ತಿಂಗಳು ಕಾಯುವಂತಿಲ್ಲ, ಅವತ್ತೇ ಫೋನ್ ಮಾಡಬೇಕು.